ಜೇವರ್ಗಿಯಿಂದ ಬಂದ ಮೌನ

ನಾಲ್ಕು ಗಂಟೆಗೆ ಇನ್ನೂ ಎರಡು ನಿಮಿಷವಿತ್ತು. ಉಮಾಬಾಯಿ ಮಷಿನ್ ಕೋಣೆಯ ಬಾಗಿಲು ಮುಂದೆ ಮಾಡಿ, ಕುರ್ಚಿ ಎಳೆದುಕೊಂಡು ಪರದೆಯ ಎದುರು ಕುಳಿತಳು.

ನಾಲ್ಕೂ ಹತ್ತಕ್ಕೆ ಅದು ನಿಲ್ಲುತ್ತದೆ. ಮೂರು ವಾರದಿಂದ ದಿನವೂ ಅದೇ ಹೊತ್ತಿಗೆ ನಿಲ್ಲುತ್ತಿತ್ತು, ಹರಿ ಬರೆದ ಪ್ರೋಗ್ರಾಮು.

ಹರಿ ಕಾಣೆಯಾಗಿ ಇವತ್ತಿಗೆ ನಲವತ್ನಾಲ್ಕು ದಿನ. ಘತ್ತರಗಿಯಲ್ಲಿ ಹೊಳೆಯ ಮೆಟ್ಟಿಲ ಮೇಲೆ ಅವನ ಚಪ್ಪಲಿ ಸಿಕ್ಕವು, ಅವನು ಸಿಗಲಿಲ್ಲ. ಕಾಲು ಜಾರಿ ಭೀಮೆಯ ಪಾಲಾದ ಎಂದು ಆಳಂದವೆಲ್ಲ ಒಪ್ಪಿಕೊಂಡಿತು. ಉಮಾಬಾಯಿ ಮಾತ್ರ ಒಪ್ಪಿರಲಿಲ್ಲ. ಯಾಕೆಂದು ಕೇಳಿದರೆ ಹೇಳಲು ಅವಳ ಹತ್ತಿರ ಕಾರಣವೂ ಇರಲಿಲ್ಲ.

ಭೀಮಾತೀರ ಸೇವಾ ಸಂಘಕ್ಕೆ ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಒಂದೊಂದು ಸಣ್ಣ ದವಾಖಾನೆ. ಯಾವ ಔಷಧ ಮುಗಿಯಿತು, ಯಾವುದು ಬೇಕು ಎಂಬುದನ್ನು ಉಳಿದ ಎರಡು ಊರಿನವರು ದಿನವೂ ಸಂಜೆ ಫೋನಿನ ತಂತಿಯ ಮೇಲೆ ಆಳಂದದ ಈ ಮಷಿನ್ನಿಗೆ ಕಳಿಸುತ್ತಿದ್ದರು. ಬಂದದ್ದನ್ನು ಕೇಳಿಸಿಕೊಂಡು ಬರೆದಿಡುವ ಸರ್ವರ್ ಪ್ರೋಗ್ರಾಮು ಹರಿಯದು. ಅವನ ಮೊದಲ ದೊಡ್ಡ ಪ್ರೋಗ್ರಾಮು.

ಅದೇ ಕಟ್ಟಡದ ಮಾಳಿಗೆಯಲ್ಲಿ ಉಮಾಬಾಯಿ ಸಂಘದ ಕಂಪ್ಯೂಟರ್ ತರಗತಿ ನಡೆಸುತ್ತಿದ್ದಳು. ಹರಿಗೆ ಸಿ ಭಾಷೆ ಕಲಿಸಿದವಳು ಅವಳೇ. ಪ್ರೋಗ್ರಾಮು ಕೈಕೊಟ್ಟಾಗ ದವಾಖಾನೆಯ ಡಾಕ್ಟರು ಅವಳನ್ನೇ ಕರೆಯಿರಿ ಎಂದರು. ಸಂಘದ ಕಾರ್ಯದರ್ಶಿ ಪಾಂಡುರಂಗರಾಯರು ಎರಡು ದಿನ ಕೊಟ್ಟಿದ್ದರು. ಅಷ್ಟರಲ್ಲಿ ಸರಿಹೋಗದಿದ್ದರೆ ಮಷಿನ್ ಕಟ್ಟಿ ಇಡಿಸುವುದಾಗಿಯೂ, ಮೊದಲಿನಂತೆ ಕಾಗದದಲ್ಲಿ ಕೆಲಸ ನಡೆಸುವುದಾಗಿಯೂ ಹೇಳಿದ್ದರು. ಇವತ್ತು ಎರಡನೆಯ ದಿನ.

ನಿನ್ನೆ ಅವಳು ಮೊದಲು ಮೋಡೆಮ್ಮನ್ನು ಶಂಕಿಸಿದ್ದಳು, ಆಮೇಲೆ ತಂತಿಯನ್ನು. ಎರಡೂ ನಿರಪರಾಧಿ. ನಿಂತ ಪ್ರೋಗ್ರಾಮನ್ನು ಕೊಂದು ಮತ್ತೆ ಎಬ್ಬಿಸಿದರೆ ಕರೆ ಬಂದು ಸೇರುವ ವಿಳಾಸ ಇನ್ನೂ ಬಳಕೆಯಲ್ಲಿದೆ ಎಂದು ಮಷಿನ್ ಹಠ ಹಿಡಿಯುತ್ತಿತ್ತು. ಅದು ಹೊಸಬರೆಲ್ಲ ಮಾಡುವ ತಪ್ಪು, ಒಂದು ಸಾಲಿನಲ್ಲಿ ಸರಿಯಾಯಿತು. ನಾಲ್ಕೂ ಹತ್ತರ ರೋಗ ಮಾತ್ರ ಹಾಗೇ ಉಳಿಯಿತು.

ಇವತ್ತು ಅವಳು ಪ್ರೋಗ್ರಾಮಿನ ಪ್ರತಿ ಹೆಜ್ಜೆಗೂ ಒಂದು ಸಾಲು ಸೇರಿಸಿದ್ದಳು. ಯಾರಾದರೂ ತಂತಿಯ ಮೇಲೆ ಬಂದರೆ ಯಾವ ಊರಿನಿಂದ, ಎಷ್ಟು ಗಂಟೆಗೆ ಬಂದರೆಂದು ಪರದೆಯ ಮೇಲೆ ಮೂಡಬೇಕು. ಅವರ ಮಾತು ಕೇಳಿಸಿಕೊಂಡ ಮೇಲೆ ಒಂದು ಸಾಲು, ಬರೆದಿಟ್ಟ ಮೇಲೆ ಒಂದು ಸಾಲು. ಯಾವ ಸಾಲು ಬರುವುದಿಲ್ಲವೋ ಅಲ್ಲಿ ಅಪರಾಧಿ ಇದ್ದಾನೆ. ಪತ್ತೆಗೆ ಇದಕ್ಕಿಂತ ಹಳೆಯ ಉಪಾಯವಿಲ್ಲ, ಇದಕ್ಕಿಂತ ಒಳ್ಳೆಯದೂ ಇಲ್ಲ.

ನಾಲ್ಕೂ ಹತ್ತು. ಮೋಡೆಮ್ ಕಿರುಚಿತು, ದೀಪ ಮಿಣುಕಿದವು.

‘ಯಾರೋ ಬಂದರು. ಜೇವರ್ಗಿ. 4:10.’

ಮುಂದಿನ ಸಾಲು ಬರಲಿಲ್ಲ.

ಉಮಾಬಾಯಿ ಗಡಿಯಾರ ನೋಡಿದಳು. ಒಂದು ನಿಮಿಷ, ಎರಡು ನಿಮಿಷ. ಎರಡನೆಯ ಮೋಡೆಮ್ ಕಿರುಚಿತು. ಅದು ಅಫಜಲಪುರ. ಆದರೆ ಅಫಜಲಪುರದ ಹೆಸರು ಪರದೆಯ ಮೇಲೆ ಮೂಡಲೇ ಇಲ್ಲ.

ಆಗ ಅವಳಿಗೆ ಅರ್ಥವಾಯಿತು. ಹರಿಗೆ ಒಂದು ಸಲಕ್ಕೆ ಒಬ್ಬರ ಮಾತು ಕೇಳುವಂತೆ ಬರೆಯಲಷ್ಟೇ ಬಂದಿತ್ತು. ಒಳಗೆ ಬಂದವರು ಮಾತಾಡಿ ಹೋಗುವವರೆಗೂ ಹಿಂದಿನವರು ಬಾಗಿಲಲ್ಲೇ ನಿಲ್ಲಬೇಕು. ಜೇವರ್ಗಿಯಿಂದ ಯಾರೋ ಒಳಗೆ ಬಂದಿದ್ದರು, ಮಾತಾಡದೆ ನಿಂತಿದ್ದರು.

ಪ್ರೋಗ್ರಾಮು ಸತ್ತಿರಲಿಲ್ಲ. ಕಾಯುತ್ತಿತ್ತು.

ಇಪ್ಪತ್ತೊಂದು ನಿಮಿಷ ಆ ಮೌನ ತಂತಿಯ ಮೇಲಿತ್ತು. ಉಮಾಬಾಯಿ ಕಣ್ಣು ಕೀಳದೆ ಕುಳಿತಿದ್ದಳು. ಆ ತುದಿಯಲ್ಲಿ ಕೀಲಿಗಳ ಮೇಲೆ ಕೈಯಿಟ್ಟುಕೊಂಡು, ಒಂದನ್ನೂ ಒತ್ತದೆ ಕುಳಿತವರು ಯಾರು? ನಾಲ್ಕೂ ಮೂವತ್ತೊಂದಕ್ಕೆ ದೀಪ ಆರಿತು. ಹಿಂದೆಯೇ ಅಫಜಲಪುರದ ಮಾತು ಒಳಗೆ ಬಂದು ಬಿತ್ತು: ಗ್ಲುಕೋಸ್ ಬಾಟಲಿ ಎಂಟು ಬೇಕು.

ಜೇವರ್ಗಿಯ ಹೆಸರು ದಾಖಲೆಗೆ ಏರಲಿಲ್ಲ. ಏನೂ ಹೇಳದೆ ಹೋದವರನ್ನು ಬರೆಯಬೇಡ ಎಂದು ಹರಿಯೇ ಒಂದು ಸಾಲು ಹಾಕಿದ್ದ. ಅದು ಅವನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಮನಸ್ಸಿನೊಳಗೆ ಒಂದು ಹೆಸರು ಎದ್ದಿತು. ಉಮಾಬಾಯಿ ಅದನ್ನು ಅಲ್ಲೇ ಅದುಮಿದಳು. ಆಸೆ ಪಡುವುದಕ್ಕೂ ಒಂದು ಧೈರ್ಯ ಬೇಕು. ಅದು ಈ ನಲವತ್ನಾಲ್ಕು ದಿನದಲ್ಲಿ ಸವೆದುಹೋಗಿತ್ತು.

ಹರಿ ಅಫಜಲಪುರದಲ್ಲಿ ರೇಡಿಯೋ, ಫೋನು ರಿಪೇರಿ ಮಾಡಿಕೊಂಡಿದ್ದವನು. ನಲವತ್ತನೆಯ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿಯುತ್ತೇನೆಂದು ಇಪ್ಪತ್ತರ ಹುಡುಗರ ನಡುವೆ ಬಂದು ಕುಳಿತ. ಎರಡು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ತಪ್ಪು ಮಾತ್ರ ತುಂಬಾ ಮಾಡುತ್ತಿದ್ದ. ಸಿ ಭಾಷೆಯಲ್ಲಿ ಪ್ರತಿ ಮಾತಿನ ಕೊನೆಗೆ ಒಂದು ಸೊನ್ನೆ ಇಡಬೇಕು, ಮಾತು ಇಲ್ಲಿಗೆ ಮುಗಿಯಿತೆಂದು ಮಷಿನ್ನಿಗೆ ತಿಳಿಯುವುದು ಅದರಿಂದ. ಅವನು ಅದನ್ನು ಯಾವಾಗಲೂ ಮರೆಯುತ್ತಿದ್ದ. ಅವಳು ಕೆಂಪು ಶಾಯಿಯಲ್ಲಿ ಬರೆದು ಬರೆದು ದಣಿದಿದ್ದಳು.

‘‘ನನಗ ಸುರು ಮಾಡೋದಷ್ಟೇ ಬರ್ತದ್ರಿ ಟೀಚರ್. ಮುಗಸೋದು ಬರಂಗಿಲ್ಲ,’’ ಎಂದು ಅವನು ನಗುತ್ತಿದ್ದ.

ಮೂವತ್ತಾರು ತುಂಬಿದ್ದ, ತಾಯಿಯ ರೋಗದ ಮುಂದೆ ತನ್ನ ಮದುವೆಯನ್ನು ಮರೆತಿದ್ದ ಉಮಾಬಾಯಿ ಆ ನಗುವಿಗಾಗಿ ಕಾಯುತ್ತಿದ್ದಳು. ಅವನ ಪ್ರೋಗ್ರಾಮಿನ ಪ್ರಿಂಟ್ ಈಗಲೂ ಅವಳ ಮುಂದಿತ್ತು. ಅದರೊಳಗೆ ಹನ್ನೊಂದು ಕಡೆ ‘ಇದನ್ನ ಟೀಚರಿಗೆ ಕೇಳಬೇಕು’ ಎಂದು ಅವನು ತನಗೆ ತಾನೇ ಟಿಪ್ಪಣಿ ಬರೆದುಕೊಂಡಿದ್ದ. ಒಂದನ್ನೂ ಕೇಳಿರಲಿಲ್ಲ.

ಕೊನೆಯ ಶುಕ್ರವಾರ ತರಗತಿ ಬಿಟ್ಟ ಮೇಲೆ ಅವನು ಮೆಟ್ಟಿಲ ಹತ್ತಿರ ನಿಂತಿದ್ದ. ನಾಳೆ ಅಫಜಲಪುರಕ್ಕೂ ಘತ್ತರಗಿಗೂ ಹೋಗುವುದಿದೆ ಎಂದ. ಅಲ್ಲಿಯ ದೇವಿ ಭಾಗ್ಯವಂತಿಗೆ ಕೈ ಮುಗಿದು ಬಂದು ಸೋಮವಾರ ಒಂದು ಮಾತು ಕೇಳುತ್ತೇನೆ ಎಂದ. ಪ್ರೋಗ್ರಾಮಿನ ಮಾತೇ ಎಂದು ಅವಳು ಕೇಳಿದಳು. ಅಲ್ಲ ಎಂದು ತಲೆಯಾಡಿಸಿ ಇಳಿದು ಹೋದ.

ಇವತ್ತು ಅದಾದ ಮೇಲಿನ ಏಳನೆಯ ಸೋಮವಾರ.

ಕೈ ಸುಮ್ಮನೆ ಕೂರಲಾರದೆ ಅವಳು ಆಗಸ್ಟ್ ತಿಂಗಳ ದಾಖಲೆಯ ಪ್ರಿಂಟ್ ಬಿಡಿಸಿದಳು. ಸಾಲು ಸಾಲಿನ ಕೊನೆಗೂ ಕಸವಿತ್ತು. ಸಣ್ಣ ಸಂದೇಶ ಮುಗಿದ ಮೇಲೂ ಯಾವುದೋ ತುಂಡು ಮಾತು ಬಾಲದಂತೆ ಅಂಟಿಕೊಂಡಿರುತ್ತಿತ್ತು. ಪಾಂಡುರಂಗರಾಯರು ಅದನ್ನು ತೋರಿಸಿ ತೋರಿಸಿ ಹರಿಯನ್ನು ಹಂಗಿಸುತ್ತಿದ್ದರು.

ಉಮಾಬಾಯಿಗೆ ಅದರ ಕಾರಣ ಗೊತ್ತಿತ್ತು. ಪಾಟಿ ಒರೆಸದೆ ಹಳೆಯ ಅಕ್ಷರದ ಮೇಲೆ ಹೊಸದು ಬರೆದ ಹಾಗೆ. ಹೊಸದು ಚಿಕ್ಕದಿದ್ದರೆ ಹಳೆಯದರ ಬಾಲ ಹೊರಗೆ ಉಳಿಯುತ್ತದೆ. ಹರಿ ಒರೆಸಿರಲಿಲ್ಲ, ಕೊನೆಗೆ ಸೊನ್ನೆಯನ್ನೂ ಇಟ್ಟಿರಲಿಲ್ಲ. ಆದ್ದರಿಂದ ಪ್ರತಿ ಸಾಲಿನ ಬಾಲವೂ ಅದರ ಹಿಂದಿನ ಸಾಲಿನದು.

ಅವಳು ಪೆನ್ಸಿಲ್ ಹಿಡಿದು ಬಾಲಕ್ಕೆ ಮೈ ಕೂಡಿಸುತ್ತ ಹೋದಳು. ಒಂದನೆಯ ತಾರೀಖು, ಸರಿ. ಎರಡು, ಮೂರು, ಸರಿ. ಎಂಟನೆಯ ತಾರೀಖೂ ಸರಿ.

ಒಂಬತ್ತರಲ್ಲಿ ಪೆನ್ಸಿಲ್ ನಿಂತಿತು. ಹರಿ ಕಾಣೆಯಾದ ಶನಿವಾರ.

ಅವತ್ತು ಒಂದೇ ಸಾಲಿತ್ತು. ಸಂಜೆ ಐದೂ ಐದು, ಜೇವರ್ಗಿ: ‘ಎಲ್ಲ ಸಾಕಷ್ಟಿದೆ.’ ಅದಕ್ಕೆ ಅಂಟಿದ್ದ ಬಾಲ: ‘ಜಿ ಮಾಡಿದರೂ ಉಳೀಲಿಲ್ಲ. ಔಷಧ ಖೊಟ್ಟಿ ಅದ. ಹರಿ ಒಂದು ಬಾಟ್ಲಿ ತಗೊಂಡು ಘತ್ತರಗಿಗೆ ಹೋಗ್ಯಾನ.’

ಹಿಂದಿನ ಸಾಲು ಎಂಟನೆಯ ತಾರೀಖಿನದು. ಅದರಲ್ಲಿ ಬ್ಯಾಂಡೇಜು, ಗ್ಲುಕೋಸು ಬಿಟ್ಟರೆ ಮತ್ತೇನೂ ಇರಲಿಲ್ಲ. ಈ ಬಾಲ ಅದರದಲ್ಲ.

ಇವೆರಡರ ನಡುವೆ ಇನ್ನೊಂದು ಸಂದೇಶ ಬಂದಿತ್ತು. ಶನಿವಾರ ಅಫಜಲಪುರದಿಂದ. ಯಾರೋ ಅದನ್ನು ದಾಖಲೆಯಿಂದ ಅಳಿಸಿದ್ದರು. ಅಳಿಸಿದವರಿಗೆ ಬಾಲದ ಗುಟ್ಟು ತಿಳಿದಿರಲಿಲ್ಲ. ಅವಳು ಎರಡು ವರ್ಷ ತಿದ್ದಿದರೂ ತಿದ್ದಲಾಗದ ಹರಿಯ ತಪ್ಪು, ಅಳಿಸಿದ್ದರಲ್ಲಿ ಇಷ್ಟನ್ನು ಉಳಿಸಿಕೊಂಡಿತ್ತು.

ಅದನ್ನು ಕಳಿಸಿದವನು ಆಗ ಅಫಜಲಪುರದ ಕಂಪೌಂಡರನಾಗಿದ್ದ ಯಾಕೂಬಸಾಬನೇ ಇರಬೇಕು. ಮರುವಾರವೇ ಅವನನ್ನು ಕೆಲಸದಿಂದ ತೆಗೆದಿದ್ದರು. ಅವನು ಯಾವ ಊರಿಗೆ ಹೋದನೆಂದು ಯಾರಿಗೂ ಗೊತ್ತಿಲ್ಲ. ತೆಗೆದವರು ಪಾಂಡುರಂಗರಾಯರು.

ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು.

‘‘ಏನರೆ ಆತೇನು ಉಮಾಬಾಯಿ?’’

ಪಾಂಡುರಂಗರಾಯರು ಎಂದೂ ದನಿ ಏರಿಸಿದವರಲ್ಲ. ಅವಳ ತಾಯಿ ಹಾಸಿಗೆ ಹಿಡಿದಾಗ ಕರೆದು ಕೆಲಸ ಕೊಟ್ಟವರು ಅವರೇ. ಆ ಉಪಕಾರದ ಭಾರ ಇವತ್ತಿಗೂ ಅವಳ ಕತ್ತು ಬಗ್ಗಿಸುತ್ತಿತ್ತು. ಅವರು ಪಕ್ಕದ ಕುರ್ಚಿಯಲ್ಲಿ ಕುಳಿತು, ನಾಳೆ ಬೆಳಿಗ್ಗೆ ಮಷಿನ್ ಕಟ್ಟಿಸುತ್ತೇನೆ, ಹರಿ ಪಾಪ ಒಳ್ಳೆಯವನು, ಆದರೆ ಹೊಳೆಗೆ ಹೋದವನ ಕೆಲಸವನ್ನು ಎಷ್ಟು ದಿನ ಹೊತ್ತುಕೊಂಡು ತಿರುಗುತ್ತೀ ಎಂದು ತಂದೆಯ ಹಾಗೆ ಹೇಳಿದರು.

ಅವಳು ಆಗಸ್ಟಿನ ಹಾಳೆಯನ್ನು ಅವರ ಮುಂದೆ ಸರಿಸಿ ಒಂಬತ್ತನೆಯ ತಾರೀಖಿನ ಮೇಲೆ ಬೆರಳಿಟ್ಟಳು.

ಅವರು ಕನ್ನಡಕ ಏರಿಸಿ ಓದಿದರು. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಇದು ಅವನ ಪ್ರೋಗ್ರಾಮಿನ ಕಸವಲ್ಲವೇ, ಎಲ್ಲ ಸಾಲಿನಲ್ಲೂ ಇದೆಯಲ್ಲ ಎಂದರು.

ಕಸ ಎಲ್ಲಿಂದ ಬರುತ್ತದೆಂದು ಅವಳು ವಿವರಿಸಿದಳು. ಎಲ್ಲ ಬಾಲಕ್ಕೂ ಮೈ ಇದೆ, ಇದೊಂದಕ್ಕೆ ಇಲ್ಲ ಎಂದಳು. ದಾಖಲೆ ತಿದ್ದುವ ಗುಪ್ತಪದ ಹರಿಗೂ ನಿಮಗೂ ಇಬ್ಬರಿಗೇ ಗೊತ್ತಿತ್ತು ಎಂದೂ ಹೇಳಿದಳು.

‘‘ಹೌದಲ್ಲ. ಹರಿನೇ ಅಳಿಸಿರಬೇಕು.’’

‘‘ಹರಿ ಘತ್ತರಗಿ ಹಾದ್ಯಾಗ ಇದ್ದರಲ್ರಿ. ಇದರಾಗೇ ಬರದದ.’’ ಅವಳು ಬೆರಳನ್ನು ಬಾಲದ ಉದ್ದಕ್ಕೂ ಸರಿಸಿದಳು. ‘‘ಯಾರಿಗೋ ಸೂಜಿ ಮಾಡ್ಯಾರ, ಅವರು ಉಳೀಲಿಲ್ಲ. ಔಷಧ ಖೊಟ್ಟಿ ಇತ್ತಂತ, ನಕಲಿ ಮಾಲು. ಇದನ್ನ ಆ ಸಂಜಿ ಆಳಂದದಾಗ ಯಾರು ಓದಿದ್ರೋ, ಅವರಿಗೆ ಹರಿ ಎಲ್ಲಿ ಅದಾರ, ಕೈಯಾಗ ಏನು ಹಿಡದಾರ ಎಲ್ಲಾ ಗೊತ್ತಿತ್ತು.’’

ಪಾಂಡುರಂಗರಾಯರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. ಹಳ್ಳಿಯವರ ಸಾವಿನ ಹೊಣೆಯನ್ನು ಔಷಧದ ಮೇಲೆ ಹೊರಿಸುವುದು ಸುಲಭ ಎಂದರು.

‘‘ಸೈದಪ್ಪಗ ಹಾವು ಕಡದು ಎರಡು ತಾಸಿನ ಮ್ಯಾಲೆ ಎತ್ಕೊಂಡು ಬಂದ್ರು. ಯಾವ ಸೂಜಿ ಉಳಸ್ತದ ಹೇಳು.’’



ಉಮಾಬಾಯಿ ನಿಧಾನವಾಗಿ ತಲೆಯೆತ್ತಿದಳು. ‘‘ಇದರಾಗ ಹೆಸರಿಲ್ರಿ. ಹಾವು ಅಂತನೂ ಇಲ್ಲ.’’

ಅವರು ಕನ್ನಡಕ ಮತ್ತೆ ಏರಿಸಿಕೊಂಡರು. ಆಮೇಲೆ ಅತನೂರಿನ ಸೈದಪ್ಪನ ಸುದ್ದಿ ಯಾರಿಗೆ ಗೊತ್ತಿಲ್ಲ, ಊರೆಲ್ಲ ಆಡಿಕೊಂಡದ್ದೇ ಎಂದರು. ಆಳಂದದಲ್ಲಿ ಯಾರೂ ಆಡಿಕೊಂಡಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಆದರೆ ಅವರ ಕಣ್ಣು ಆಗಲೇ ಹಾಳೆಯ ಮೇಲಿರಲಿಲ್ಲ. ಅವಳ ಹೆಗಲಾಚೆ ಬೆಳಗುತ್ತಿದ್ದ ಪರದೆಯ ಮೇಲಿತ್ತು.

‘ಯಾರೋ ಬಂದರು. ಜೇವರ್ಗಿ. 4:10.’

ಇದೇನು ಎಂದು ಅವರು ಮೆಲ್ಲಗೆ ಕೇಳಿದರು. ತಂತಿಯ ದೋಷ ಎಂದಳು ಅವಳು. ಕೈ ಚಾಚಿ ಪರದೆ ಆರಿಸಿದಳು. ತಡವಾಗಿತ್ತು.

‘‘ನಾಕು ಗಂಟೆಕ್ಕ ಜೇವರ್ಗಿ ದವಾಖಾನಿ ಮಂದಿ ಚಹಾಕ್ಕ ಹೋಗ್ತಾರ. ಮಷಿನ್ ಮುಂದ ಯಾರೂ ಇರಂಗಿಲ್ಲ,’’ ಎಂದರು ಪಾಂಡುರಂಗರಾಯರು, ತಮಗೆ ತಾವೇ ಹೇಳಿಕೊಂಡಂತೆ. ಎದ್ದು ಹೋದರು. ಬಾಗಿಲು ಬಂದಾಗಿನಷ್ಟೇ ಸದ್ದಿಲ್ಲದೆ ಮುಚ್ಚಿತು.

ಇಷ್ಟು ದಿನ ಯಾರ ಕಣ್ಣಿಗೂ ಬೀಳದಿದ್ದ ಆ ಮೌನಕ್ಕೆ ಊರಿನ ಹೆಸರು ಬರೆದವಳು ಅವಳೇ. ಅವಳು ಸೇರಿಸಿದ ಒಂದು ಸಾಲು.

ಅವಳು ಆಗಸ್ಟಿನ ಹಾಳೆ ಹರಿದು ಮಡಿಸಿ ಚೀಲದಲ್ಲಿ ಇಟ್ಟುಕೊಂಡು ಕೆಳಗೆ ಓಡಿದಳು. ಆಫೀಸಿನ ಫೋನಿನ ಕೋಣೆಗೆ ಬೀಗ ಬಿದ್ದಿತ್ತು. ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಿದರೆ, ಈಗ ಹೊರಟರೆ ಕಲಬುರ್ಗಿಯವರೆಗೆ ಮಾತ್ರ, ಮುಂದೆ ಜೇವರ್ಗಿಗೆ ಗಾಡಿ ಸಿಗುವುದಿಲ್ಲ ಎಂದರು.

ಮರುದಿನ ಮೊದಲ ಬಸ್ಸಿಗೆ ಅವಳು ಹೊರಟಳು. ಕಲಬುರ್ಗಿಯಲ್ಲಿ ಗಾಡಿ ಬದಲಿಸಿದಳು. ಹಾದಿಯುದ್ದಕ್ಕೂ ಎಳೆ ತೊಗರಿ ಹಸಿರಾಗಿ ನಿಂತಿತ್ತು. ಭೀಮೆಯ ಸೇತುವೆಯ ಮೇಲೆ ಬಸ್ಸು ನಿಧಾನಿಸಿದಾಗ ಅವಳು ಕಿಟಕಿಯಿಂದ ಕೆಳಗೆ ನೋಡಿದಳು. ನೀರು ಕೆಂಪಾಗಿ, ತುಂಬಿ, ಘತ್ತರಗಿಯ ಕಡೆಯಿಂದ ಬರುತ್ತಿತ್ತು. ನಲವತ್ತೈದು ದಿನ ಶಪಿಸಿದ್ದ ಹೊಳೆಗೆ ಅವಳು ಮನಸ್ಸಿನಲ್ಲೇ ಕೈ ಮುಗಿದಳು. ನೀನು ತಗೊಂಡಿಲ್ಲ ಅಂತ ಒಂದು ಮಾತು ಹೇಳು ಎಂದು ಬೇಡಿಕೊಂಡಳು.

ಜೇವರ್ಗಿಯ ದವಾಖಾನೆ ಮುಟ್ಟಿದಾಗ ಹತ್ತೂಕಾಲು. ನರ್ಸ್ ಖುರ್ಷಿದಬೇಗಂ ಐವತ್ತು ದಾಟಿದ ಹೆಂಗಸು. ದಿನವೂ ನಾಲ್ಕು ಗಂಟೆಗೆ ಇಲ್ಲಿಯ ಮಷಿನ್ ಮುಂದೆ ಕೂರುವವರು ಯಾರು ಎಂದು ಉಮಾಬಾಯಿ ಕೇಳಿದೊಡನೆ ಅವಳ ಕೈಯಲ್ಲಿದ್ದ ತಾಟು ನಿಂತಿತು. ನೀನು ಯಾರ ಕಡೆಯವಳು ಎಂದು ಕೇಳಿದಳು. ಆಳಂದದಿಂದ ಬಂದೆ, ಹರಿಯನ್ನು ಹುಡುಕಿ ಬಂದೆ ಎಂದಾಗ ಆ ಮುಖ ಸಡಿಲಾಯಿತು.

ಆಮೇಲೆ ಅವಳು ಹೇಳಿದ್ದನ್ನೆಲ್ಲ ಉಮಾಬಾಯಿ ಗೋಡೆಗೆ ಒರಗಿ ಕೇಳಿದಳು. ಆಗಸ್ಟ್ ಹತ್ತರ ಬೆಳಿಗ್ಗೆ ಮೀನು ಹಿಡಿಯುವವರು ಹೊಳೆಯ ದಂಡೆಯಿಂದ ಅವನನ್ನು ಹೊತ್ತು ತಂದಿದ್ದರು. ಕಾಲು ಮುರಿದಿತ್ತು, ತಲೆಯ ಹಿಂದೆ ಬಡಿಗೆಯ ಏಟಿತ್ತು. ಎಚ್ಚರವಾದ ಮೇಲೆ ಅವನು ಕೇಳಿದ್ದು ಒಂದೇ, ನನ್ನ ಹೆಸರು ಬರೆಯಬೇಡ ಎಂದು. ಅವಳು ಸರಸಂಬಾದ ಚಂದಪ್ಪ ಎಂದು ಬರೆದುಕೊಂಡಳು. ಊರಿಗೆ ಪತ್ರ ಹಾಕುತ್ತೇನೆ ಎಂದರೆ, ಪತ್ರ ಮೊದಲು ಯಾರ ಮೇಜಿಗೆ ಹೋಗುತ್ತದೆಂದು ತನಗೆ ಗೊತ್ತು ಎಂದಿದ್ದ.

ಮೂರು ವಾರದ ಹಿಂದೆ ಕೋಲು ಹಿಡಿದು ನಿಲ್ಲಲು ಬಂತು. ಅವತ್ತಿನಿಂದ ನಾಲ್ಕಕ್ಕೆ ಎಲ್ಲರೂ ಚಹಾಕ್ಕೆ ಹೋದಾಗ ಮಷಿನ್ ಕೋಣೆಗೆ ಹೋಗಿ ಕೂರುತ್ತಿದ್ದ.

‘‘ಏನೂ ಬರೀಲಾರದೆ ಸುಮ್ಮ ಯಾಕ ಕೂಡ್ತೀಯೋ ಅಂದೆ. ಹಿಂಗ ತಂತಿ ಹಿಡಕೊಂಡು ಕೂತ್ರ ಅಲ್ಲಿ ಪ್ರೋಗ್ರಾಮ್ ನಿಂತ್ಕೋತದ, ನಿಂತ್ರ ಆಕೀನ್ನೇ ಕರೀತಾರ, ಆಕೀಗೆ ಒಬ್ಬಾಕೀಗೇ ತಿಳೀತದ ಅಂದ.’’

ಉಮಾಬಾಯಿ ಮುಖ ಮುಚ್ಚಿಕೊಂಡಳು. ಅವಳು ದೋಷವೆಂದು ಎರಡು ದಿನ ಬೆನ್ನು ಹತ್ತಿದ್ದು ದೋಷವಾಗಿರಲಿಲ್ಲ. ಮೂರು ವಾರ, ದಿನಕ್ಕೆ ಇಪ್ಪತ್ತು ನಿಮಿಷ, ಅವನು ಅವಳನ್ನು ಕರೆಯುತ್ತಿದ್ದ.

ಎಲ್ಲಿದ್ದಾನೆ ಎಂದು ಕೇಳಿದಳು. ಕೇಳುವಾಗಲೇ ಕಾಲು ವಾರ್ಡಿನ ಕಡೆ ತಿರುಗಿದ್ದವು.

ಖುರ್ಷಿದಬೇಗಂ ಅವಳ ರಟ್ಟೆ ಹಿಡಿದಳು. ‘‘ಮುಂಜಾನೆ ಎಂಟಕ್ಕ ಕರಕೊಂಡು ಹೋದ್ರಲ್ರಿ. ಜೀಪು ತಂದಿದ್ರು.’’

ಅವಳು ಮೇಜಿನ ಮೇಲಿದ್ದ ರಿಜಿಸ್ಟರ್ ತಿರುಗಿಸಿ ಹಿಡಿದಳು. ರೋಗಿ: ಚಂದಪ್ಪ, ಸರಸಂಬಾ. ಕರೆದೊಯ್ದವರು: ಹೆಂಡತಿ, ಉಮಾಬಾಯಿ. ಕೆಳಗೆ ನೀಲಿ ಶಾಯಿಯಲ್ಲಿ, ಗುಂಡಗಿನ ಅಕ್ಷರದಲ್ಲಿ, ಬೇರೆ ಯಾರದೋ ಕೈಯಲ್ಲಿ ಅವಳ ಸಹಿ.

ಉಮಾಬಾಯಿ ಆ ಎರಡು ಪದವನ್ನೇ ನೋಡಿದಳು. ಒಂದು ಕ್ಷಣ, ಬರೀ ಒಂದು ಕ್ಷಣ, ಅವು ಪಕ್ಕಪಕ್ಕದಲ್ಲಿ ಕುಳಿತದ್ದನ್ನು ಕಂಡು ಎದೆ ತುಂಬಿತು. ಮರುಕ್ಷಣ ಆ ಸುಳ್ಳು ಸಹಿ ಕಣ್ಣಿಗೆ ಬಿತ್ತು.

ಆ ಹೆಂಗಸು ಹೇಗಿದ್ದಳು ಎಂದು ಕೇಳಿದಳು. ತೆಳ್ಳಗೆ, ಎತ್ತರಕ್ಕೆ, ಹಸಿರು ಸೀರೆ, ಮೆತ್ತಗಿನ ಮಾತು. ಹೆಸರು ಹೇಳಿದ ಕೂಡಲೇ ತನಗೇ ಕಣ್ಣು ತುಂಬಿ ಬಂತು, ಇಷ್ಟು ದಿನ ಅವನ ಬಾಯಲ್ಲಿ ಅದೊಂದೇ ಹೆಸರಿತ್ತಲ್ಲ ಎಂದಳು ಖುರ್ಷಿದಬೇಗಂ.

‘‘ಆತ ಬ್ಯಾಡ ಅನ್ಲಿಲ್ಲೇನ್ರಿ? ಆಕೀನ್ನ ನೋಡಿ ಏನಂದ?’’

‘‘ಬ್ಯಾಡ ಯಾಕ ಅಂತಾನ್ರಿ? ಒಂದು ಗಳಿಗಿ ಆಕಿ ಮಾರಿ ನೋಡಕೋತ ನಿಂತ. ಆಮ್ಯಾಲೆ ‘ಬಂದಿ ಏನು, ಉಮಾ’ ಅಂದ. ತಾನೇ ಕೋಲೂರಿ ಎದ್ದು ಜೀಪು ಹತ್ತಿದ.’’

ಎರಡು ವರ್ಷದಲ್ಲಿ ಹರಿ ಅವಳನ್ನು ಒಮ್ಮೆಯೂ ಹೆಸರು ಹಿಡಿದು ಕರೆದಿರಲಿಲ್ಲ. ಬಂದವಳು ಬೇರೆಯವಳೆಂದು ತಿಳಿದೇ ಅವನು ಹಾಗೆ ಕರೆದಿದ್ದ, ಹಿಂದೆ ಹುಡುಕಿ ಬರುವ ಅವಳಿಗೆ ಗುರುತಾಗಲೆಂದು.

ಖುರ್ಷಿದಬೇಗಂ ರಿಜಿಸ್ಟರ್ ಮುಚ್ಚಿ, ಈಗಷ್ಟೇ ಏನೋ ಹೊಳೆದವಳಂತೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

‘‘ಖರೇ ಹೇಳ್ರಿ ಬಾಯಿ,’’ ಎಂದಳು, ‘‘ಆಕಿ ಉಮಾಬಾಯಿ ಅಂದ್ರ, ನೀವು ಯಾರು?’’